ಲೇಸರ್‌ಗೆ ಹೋಗುವ ಮುನ್ನ ಫೈಲು: ಒಂದು ಸ್ಕ್ರೂ ಪೆಟ್ಟಿಗೆಯ ಕೆಲಸದ ಲಾಗ್

ಮಾಡಬೇಕಾಗಿದ್ದುದು ಇಷ್ಟು. 160 ಮಿ.ಮೀ. ಉದ್ದ, 100 ಅಗಲ, 60 ಎತ್ತರದ ಒಂದು ಪ್ಲೈವುಡ್ ಪೆಟ್ಟಿಗೆ. ಒಳಗೆ ಎರಡು ಅಡ್ಡಹಲಗೆ, ಮೂರು ಖಾನೆ. ಮುಂದಿನ ಹಲಗೆಯಲ್ಲಿ ಎಂ3, ಎಂ4, ಎಂ5 ಎಂಬ ಸ್ಕ್ರೂ ಗಾತ್ರದ ಗುರುತುಗಳು ತೂತಾಗುವಂತೆ ಪೂರ್ತಿ ಕತ್ತರಿಸಿರಬೇಕು. ಮುಚ್ಚಳದ ನಡುವೆ ‘ಸ್ಕ್ರೂ, ನಟ್ಟು’ ಎಂದು ಕೆತ್ತನೆ, ಅದರ ಸುತ್ತ ಕೈಯಲ್ಲಿ ಬರೆದ ಬಳ್ಳಿಯ ಅಂಚು. ಯಂತ್ರ ಸಿಒ2 ಲೇಸರ್. ಚಿತ್ರದ ಕೆಲಸ ಇಂಕ್‌ಸ್ಕೇಪ್‌ನಲ್ಲಿ, ಯಂತ್ರ ಓಡಿಸುವುದು ಲೈಟ್‌ಬರ್ನ್‌ನಿಂದ. ಬೇರೆ ತಂತ್ರಾಂಶ ಬಳಸುವವರಿಗೆ ಮೆನುವಿನ ಹೆಸರು ಬದಲಾಗಬಹುದು, ಗೋಳು ಬದಲಾಗುವುದಿಲ್ಲ.

ಇಂಥ ಕೆಲಸದಲ್ಲಿ ಯಂತ್ರದ ಮುಂದೆ ಕಳೆಯುವ ಹೊತ್ತು ಕಡಿಮೆ, ಫೈಲಿನ ಮುಂದೆ ಕಳೆಯುವುದೇ ಹೆಚ್ಚು. ಪರದೆಯ ಮೇಲೆ ನಮಗೆ ಕಾಣುವುದು ಚಿತ್ರ. ಯಂತ್ರಕ್ಕೆ ಸಿಗುವುದು ಬರೀ ದಾರಿ. ಒಂದು ಗೆರೆಯನ್ನು ಬಿಳಿ ಚೌಕದಿಂದ ಮುಚ್ಚಿದರೆ ಕಣ್ಣಿಗೆ ಆ ಗೆರೆ ಮಾಯ. ಲೇಸರ್ ಮಾತ್ರ ಮುಚ್ಚಿದ ಗೆರೆಯನ್ನೂ ಕತ್ತರಿಸುತ್ತದೆ, ಮುಚ್ಚಿದ ಚೌಕದ ಅಂಚನ್ನೂ ಕತ್ತರಿಸುತ್ತದೆ. ದಪ್ಪ ಗೆರೆ, ನೆರಳು, ಪಾರದರ್ಶಕತೆ ಇವೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಫೈಲು ತೆರೆದ ಕೂಡಲೇ ಕಂಟ್ರೋಲ್+5 ಒತ್ತಿ ಔಟ್‌ಲೈನ್ ನೋಟಕ್ಕೆ ಹೋಗುತ್ತೇನೆ. ಬಣ್ಣ, ದಪ್ಪ ಎಲ್ಲ ಕಳಚಿ ಬರೀ ಗೆರೆಗಳು ಉಳಿಯುತ್ತವೆ. ಯಂತ್ರ ನೋಡುವುದು ಹೆಚ್ಚುಕಡಿಮೆ ಅದನ್ನೇ.

ಅಳತೆ

ಮೊದಲು ಡಾಕ್ಯುಮೆಂಟ್ ಪ್ರಾಪರ್ಟೀಸ್‌ಗೆ ಹೋಗಿ ಅಳತೆಯ ಮಾನ ಮಿಲಿಮೀಟರ್, ಸ್ಕೇಲ್ 1 ಎಂದು ಇಟ್ಟೆ. ಆಮೇಲೆ ಇಂಕ್‌ಸ್ಕೇಪ್‌ನ ಪ್ರಿಫರೆನ್ಸಸ್‌ನಲ್ಲಿ ಬೌಂಡಿಂಗ್ ಬಾಕ್ಸ್ ಅನ್ನು, ಎಂದರೆ ಆಕಾರದ ಅಳತೆ ಹಿಡಿಯುವ ಚೌಕಟ್ಟನ್ನು, ವಿಷುವಲ್‌ನಿಂದ ಜ್ಯಾಮೆಟ್ರಿಕ್‌ಗೆ ಬದಲಿಸಿದೆ. ಸಣ್ಣ ಗುಂಡಿ, ದೊಡ್ಡ ಪರಿಣಾಮ. ವಿಷುವಲ್ ಇದ್ದರೆ ಗೆರೆಯ ದಪ್ಪವೂ ಅಳತೆಯೊಳಗೆ ಸೇರುತ್ತದೆ. ಗೆರೆ 1 ಮಿ.ಮೀ. ದಪ್ಪವಿದ್ದು ಅಗಲ ಬರೆಯುವ ಜಾಗದಲ್ಲಿ 160 ಎಂದು ಟೈಪ್ ಮಾಡಿದರೆ, ಲೇಸರ್ ಹೋಗುವ ನಿಜವಾದ ದಾರಿ 159 ಆಗಿರುತ್ತದೆ. ಹಲಗೆಗಳ ಅಂಚಿನ ಹಲ್ಲುಗಳು ಒಂದರೊಳಗೊಂದು ಕೂಡಬೇಕಾದ ಪೆಟ್ಟಿಗೆಯಲ್ಲಿ 1 ಮಿ.ಮೀ. ಎಂದರೆ ಹಲಗೆ ಕಸದಬುಟ್ಟಿಗೆ.

ಬಳ್ಳಿಯ ಒಂದು ತುಂಡು ಹಳೆಯ ಎಸ್‌ವಿಜಿ ಫೈಲಿನಲ್ಲಿತ್ತು. ಅಲ್ಲಿ ಇನ್ನೊಂದು ತೊಡಕು. ಇಂಕ್‌ಸ್ಕೇಪ್ 0.92ಕ್ಕಿಂತ ಮುಂಚೆ ಒಂದು ಇಂಚಿಗೆ 90 ಪಿಕ್ಸೆಲ್ ಎಂಬ ಲೆಕ್ಕವಿತ್ತು, 0.92ರಿಂದ ಅದು 96 ಆಯಿತು. ಹಳೆಯ ಫೈಲನ್ನು ಹೊಸ ಲೆಕ್ಕದಲ್ಲಿ ಓದಿದರೆ 160 ಮಿ.ಮೀ. ಇದ್ದದ್ದು ಸರಿಯಾಗಿ 150 ಆಗಿಬಿಡುತ್ತದೆ. ಇಂಚು–ಮಿಲಿಮೀಟರ್ ಅದಲುಬದಲಾದರೆ 25.4 ಪಟ್ಟು ವ್ಯತ್ಯಾಸ, ಕುರುಡನಿಗೂ ಗೊತ್ತಾಗುತ್ತದೆ. ಈ ಆರು ಶೇಕಡಾ ಇದೆಯಲ್ಲ, ಅದು ಕಣ್ಣಿಗೆ ಬೀಳದೆ ಹಲಗೆಯವರೆಗೂ ಬರುತ್ತದೆ. ಅದಕ್ಕೆ ನನ್ನ ಪ್ರತಿ ಫೈಲಿನಲ್ಲೂ ಮೂಲೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಇರುತ್ತದೆ. ಲೈಟ್‌ಬರ್ನ್‌ಗೆ ತಂದ ಮೇಲೆ ಅದನ್ನು ಆಯ್ದು ಉದ್ದ ನೋಡುತ್ತೇನೆ, 100 ಇದ್ದರೆ ಅಳಿಸಿ ಮುಂದಕ್ಕೆ.

ಇನ್ನು ಹಲಗೆಯ ದಪ್ಪ. 3 ಮಿ.ಮೀ. ಪ್ಲೈ ಎಂಬುದು ಹೆಸರಿಗೆ ಮಾತ್ರ. ಕ್ಯಾಲಿಪರ್‌ನಲ್ಲಿ ನಾಲ್ಕೂ ಅಂಚು ಅಳೆದಾಗ 2.85ರಿಂದ 2.95ರ ನಡುವೆ ಬಂತು, 2.9 ಎಂದು ಹಿಡಿದೆ. ಹಲ್ಲಿನ ಆಳ, ಅಡ್ಡಹಲಗೆ ಇಳಿಯುವ ಕಚ್ಚಿನ ಅಗಲ, ಮುಚ್ಚಳದ ಕೆಳಗೆ ಅಂಟಿಸುವ ಒಳಹಲಗೆಯ ಅಳತೆ ಎಲ್ಲವೂ ಈ ಒಂದು ಅಂಕಿಯ ಮೇಲೆ ನಿಂತಿವೆ. ಪೆಟ್ಟಿಗೆಯ ಬಾಯಿ 154.2 × 94.2, ಎಂದರೆ ಎರಡೂ ಕಡೆ 2.9 ಕಳೆದದ್ದು. ಒಳಹಲಗೆ ಸಲೀಸಾಗಿ ಇಳಿಯಲೆಂದು ಇನ್ನೂ 0.4 ಬಿಟ್ಟು 153.8 × 93.8 ಇಟ್ಟೆ.

ಕರ್ಫ್

ಲೇಸರ್ ಹಾದುಹೋದ ಜಾಗದಲ್ಲಿ ಮರ ಸುಟ್ಟು ಆವಿಯಾಗಿ ಒಂದು ಸೀಳು ಉಳಿಯುತ್ತದೆ. ಆ ಸೀಳಿನ ಅಗಲವೇ ಕರ್ಫ್. ಇದನ್ನು ಬೇರೆಯವರ ಪಟ್ಟಿಯಿಂದ ಎತ್ತಿಕೊಳ್ಳುವುದು ವ್ಯರ್ಥ. ಲೆನ್ಸು, ಫೋಕಸ್, ವೇಗ, ಶಕ್ತಿ, ಹಲಗೆ ಯಾವುದು ಬದಲಾದರೂ ಅದು ಬದಲಾಗುತ್ತದೆ. ಅಳೆಯುವುದು ಸುಲಭ: 100 ಮಿ.ಮೀ. ಪಟ್ಟಿಯೊಂದನ್ನು 10 ಮಿ.ಮೀ.ಗೊಂದರಂತೆ ಹತ್ತು ತುಂಡು ಮಾಡಿ, ಹೊರಗಿನ ಎರಡು ತುದಿಯನ್ನೂ ಲೇಸರ್‌ನಲ್ಲೇ ಕತ್ತರಿಸಬೇಕು. ಆಮೇಲೆ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಒಟ್ಟು ಉದ್ದ ಅಳೆಯಬೇಕು. ಪ್ರತಿ ತುಂಡೂ ಎರಡು ಬದಿಯಲ್ಲಿ ಅರ್ಧರ್ಧ ಕರ್ಫ್ ಕಳೆದುಕೊಂಡಿರುತ್ತದೆ. ಹತ್ತು ತುಂಡಿಗೆ ಹತ್ತು ಕರ್ಫ್. ನನಗೆ 98.4 ಬಂತು. ಕಳೆದುಹೋದ 1.6 ಅನ್ನು ಹತ್ತರಿಂದ ಭಾಗಿಸಿದರೆ 0.16 ಮಿ.ಮೀ. ಒಂದೇ ಸೀಳನ್ನು ಕ್ಯಾಲಿಪರ್‌ನಲ್ಲಿ ಅಳೆಯಲು ಹೋದರೆ ಇಷ್ಟು ನಿಖರತೆ ಸಿಗುವುದಿಲ್ಲ.

0.16 ಎಂದರೆ ಏನು ಮಹಾ ಎನ್ನಿಸಬಹುದು. 15 ಮಿ.ಮೀ. ಎಂದು ಬರೆದ ಹಲ್ಲು 14.84 ಆಗಿ ಹೊರಬರುತ್ತದೆ. 15 ಎಂದು ಬರೆದ ಕಚ್ಚು 15.16ಕ್ಕೆ ಅಗಲವಾಗುತ್ತದೆ. ಎರಡರ ನಡುವೆ 0.32 ಸಡಿಲ. ಅಂಟು ಹಾಕುವುದಾದರೆ ನಡೆಯುತ್ತದೆ, ಅಂಟಿಲ್ಲದೆ ಬಿಗಿಯಾಗಿ ಕೂರಬೇಕೆಂದರೆ ನಡೆಯದು.

ಸರಿಪಡಿಸುವ ಜಾಗ ಎರಡಿವೆ: ಚಿತ್ರದಲ್ಲೇ ಗೆರೆಯನ್ನು ಸರಿಸುವುದು, ಇಲ್ಲವೇ ಲೈಟ್‌ಬರ್ನ್‌ನ ಕರ್ಫ್ ಆಫ್‌ಸೆಟ್‌ಗೆ ಬಿಡುವುದು. ನನ್ನ ಮತ ಎರಡನೆಯದಕ್ಕೆ. ಚಿತ್ರದಲ್ಲಿ ನಿಜವಾದ ಅಳತೆ ಉಳಿಯುತ್ತದೆ, ಹಲಗೆ ಬದಲಾದಾಗ ಒಂದು ಅಂಕಿ ತಿದ್ದಿದರೆ ಸಾಕು. ಅಲ್ಲಿ ಹಾಕಬೇಕಾದದ್ದು ಕರ್ಫ್‌ನ ಅರ್ಧ, 0.08. ಹೊರಗಿನ ರೇಖೆ ಅಷ್ಟು ಹೊರಕ್ಕೆ, ಒಳಗಿನ ತೂತು ಅಷ್ಟು ಒಳಕ್ಕೆ ಸರಿಯುತ್ತದೆ. ಹಲ್ಲಿನ ಹಲಗೆಗಳನ್ನು ನಾನು ಬಾಕ್ಸಸ್ ಡಾಟ್ ಪೈ ಎಂಬ ಮುಕ್ತ ತಂತ್ರಾಂಶದಿಂದ ಹುಟ್ಟಿಸಿದೆ. ಅದರಲ್ಲೂ ಬರ್ನ್ ಎಂಬ ಹೆಸರಿನಲ್ಲಿ ಇದೇ ತಿದ್ದುಪಡಿ ಇದೆ, ಅದೂ ಕರ್ಫ್‌ನ ಅರ್ಧವೇ. ಎರಡು ಕಡೆಯೂ ಹಾಕಿದರೆ ಹಲ್ಲು ಸುತ್ತಿಗೆಗೂ ಬಗ್ಗದಷ್ಟು ಬಿಗಿಯಾಗುತ್ತದೆ. ಅಲ್ಲಿ ಸೊನ್ನೆ, ಇಲ್ಲಿ 0.08.

ಇದರ ಹಿಂದೆಯೇ ಇನ್ನೊಂದು ಷರತ್ತು ಬರುತ್ತದೆ. ಕರ್ಫ್ ಆಫ್‌ಸೆಟ್ ಮುಚ್ಚಿದ ಆಕಾರಗಳಿಗೆ ಮಾತ್ರ ಕೆಲಸ ಮಾಡುತ್ತದೆ. ರೇಖೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಯಾವುದು ಒಳಗೆ, ಯಾವುದು ಹೊರಗೆ ಎಂದು ತಂತ್ರಾಂಶಕ್ಕೆ ತಿಳಿಯದು, ತಿದ್ದುಪಡಿ ಆಗುವುದಿಲ್ಲ. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆ ಒಂದು ಹಲಗೆ ಮಾತ್ರ ಸಡಿಲವಾಗಿ ಬರುತ್ತದೆ.

ಬಿರುಕು, ಜೋಡಿ ಗೆರೆ

ಅಡ್ಡಹಲಗೆಗಳು ಒಂದು ಕ್ಯಾಡ್ ತಂತ್ರಾಂಶದಿಂದ ಡಿಎಕ್ಸ್‌ಎಫ್ ಎಂಬ ನಕ್ಷೆಯ ಫೈಲಾಗಿ ಬಂದವು. ಡಿಎಕ್ಸ್‌ಎಫ್‌ನಲ್ಲಿ ಆಯತ ಎಂದರೆ ಆಯತವೇ ಆಗಿರಬೇಕಿಲ್ಲ, ಒಂದರ ಪಕ್ಕ ಒಂದು ನಿಂತ ನಾಲ್ಕು ಬಿಡಿ ಗೆರೆಗಳಾಗಿರಬಹುದು. ಇಲ್ಲಿ ಹಾಗೆಯೇ ಇತ್ತು. ಹಾಗೇ ಬಿಟ್ಟರೆ ಕರ್ಫ್ ತಿದ್ದುಪಡಿ ತಪ್ಪುವುದಷ್ಟೇ ಅಲ್ಲ, ಲೇಸರ್ ಒಂದು ಗೆರೆ ಇಲ್ಲಿ, ಇನ್ನೊಂದು ಅಲ್ಲಿ ಎಂದು ಹಾರಾಡಿ ಪ್ರತಿ ಮೂಲೆಯಲ್ಲೂ ನಿಂತು ಹೊರಡುತ್ತದೆ, ಮೂಲೆಗಳು ಕರಕಲಾಗುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್+ಕೆ ಒತ್ತಿ ಒಂದೇ ಪಾತ್ (ದಾರಿ) ಮಾಡಿದರೂ ತುದಿಗಳು ಕೂಡುವುದಿಲ್ಲ. ನೋಡ್ ಟೂಲ್ ಹಿಡಿದು, ಪಕ್ಕಪಕ್ಕದ ಎರಡು ನೋಡ್ (ಗೆರೆಯ ಬಿಂದು) ಆಯ್ದು, ಶಿಫ್ಟ್+ಜೆ ಒತ್ತಿ ಬೆಸೆಯಬೇಕು. ಗೆರೆಗಳು ಹೆಚ್ಚಿದ್ದರೆ ಲೈಟ್‌ಬರ್ನ್‌ನಲ್ಲಿ ಆಲ್ಟ್+ಜೆ ಒಂದೇ ಏಟಿಗೆ ಕೂಡಿಸುತ್ತದೆ. ಆಮೇಲೆ ತೆರೆದ ಆಕಾರಗಳನ್ನು ಆಯ್ದು ತೋರಿಸುವ ಆಜ್ಞೆ ಓಡಿಸಿದೆ. ಬಳ್ಳಿಯ ಕಾಂಡ ಬಿಟ್ಟು ಬೇರೆ ಯಾವುದೂ ಸಿಕ್ಕಿಬೀಳಬಾರದು.

ಜೋಡಿ ಗೆರೆ ಇನ್ನೂ ಕಳ್ಳ. ಒಂದರ ಮೇಲೊಂದು ಕೂತ ಎರಡು ಗೆರೆ ಔಟ್‌ಲೈನ್ ನೋಟದಲ್ಲೂ ಒಂದೇ ಗೆರೆ. ಲೇಸರ್ ಮಾತ್ರ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತದೆ: ಅಂಚು ಕಪ್ಪಾಗುತ್ತದೆ, ಕರ್ಫ್ ಅಗಲವಾಗುತ್ತದೆ, ತೆಳು ವಸ್ತುವಾದರೆ ಬೆಂಕಿಯೂ ಹತ್ತಬಹುದು. ಲೈಟ್‌ಬರ್ನ್‌ನ ಆಲ್ಟ್+ಡಿ ಒಂದೇ ಆಕಾರದ ನಕಲುಗಳನ್ನು ತೆಗೆದುಹಾಕುತ್ತದೆ. ಆದರೆ ಉದ್ದ ಗೆರೆಯೊಂದರ ಮೇಲೆ ಚಿಕ್ಕ ಗೆರೆ ಮಲಗಿದ್ದರೆ ಅದು ನಕಲಲ್ಲ, ಹಾಗೇ ಉಳಿಯುತ್ತದೆ. ಅಂಥದ್ದನ್ನು ಹಿಡಿಯಲು ಪ್ರಿವ್ಯೂ ತೆರೆದು ನಿಧಾನಕ್ಕೆ ಓಡಿಸಿ ನೋಡುವುದೇ ದಾರಿ. ಲೇಸರ್ ತಲೆ ಹೋದ ಜಾಗಕ್ಕೆ ಮತ್ತೆ ಬಂತೆಂದರೆ ಅಲ್ಲೇನೋ ಇದೆ.

ಹಲಗೆ ಉಳಿಸಲು ಎರಡು ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿ ಇಡುವವರಿದ್ದಾರೆ. ಆಗ ನಡುವಿನ ಗೆರೆ ಎರಡಾಗುತ್ತದೆ, ಒಂದನ್ನು ಅಳಿಸಿದರೆ ಆಕಾರ ತೆರೆದುಕೊಳ್ಳುತ್ತದೆ. ಹಲ್ಲಿರುವ ಕೆಲಸಕ್ಕೆ ಈ ಜಿಪುಣತನ ಒಗ್ಗುವುದಿಲ್ಲ. ತುಂಡುಗಳ ನಡುವೆ 2 ಮಿ.ಮೀ. ಬಿಟ್ಟೆ.

ಬಳ್ಳಿ

ಪೆನ್ನಿನಲ್ಲಿ ಬರೆದ ಬಳ್ಳಿಯನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಗೆರೆ ಹುಟ್ಟಿಸುವ ಟ್ರೇಸ್ ಬಿಟ್‌ಮ್ಯಾಪ್‌ಗೆ ಕೊಟ್ಟೆ. ಇದರ ಹಿಂದೆ ಕೆಲಸ ಮಾಡುವುದು ಪೊಟ್ರೇಸ್ ಎಂಬ ತಂತ್ರಾಂಶ. ಅದು ಗೆರೆಯನ್ನು ಗೆರೆ ಎಂದು ನೋಡುವುದಿಲ್ಲ, ಕಪ್ಪು ಪ್ರದೇಶ ಎಂದು ನೋಡಿ ಅದರ ಅಂಚನ್ನು ಸುತ್ತುತ್ತದೆ. ಹಾಗಾಗಿ ಪೆನ್ನಿನ ಒಂದು ಎಳೆಗೆ ಎರಡು ಸಮಾನಾಂತರ ರೇಖೆ. ತುಂಬಿ ಕೆತ್ತುವ ಎಲೆಗಳಿಗೆ ಅದು ಬೇಕಾದ್ದೇ. ಕಾಂಡವನ್ನು ಮಾತ್ರ ಒಂದೇ ತೆಳು ಗೆರೆಯಾಗಿ ಸ್ಕೋರ್ ಮಾಡಬೇಕಿತ್ತು, ಎಂದರೆ ಕಡಿಮೆ ಶಕ್ತಿಯಲ್ಲಿ ಮೇಲ್ಮೈ ಮೇಲೆ ಗೀರಿಕೊಂಡು ಹೋಗುವುದು. ಅದಕ್ಕೆ ನಡುಗೆರೆ ಬೇಕು.

ಇಂಕ್‌ಸ್ಕೇಪ್ 1.0ರಿಂದ ಸೆಂಟರ್‌ಲೈನ್ ಟ್ರೇಸಿಂಗ್ ಇದೆ. ಕೊಟ್ಟು ನೋಡಿದೆ: ಕವಲೊಡೆಯುವ ಪ್ರತಿ ಜಾಗದಲ್ಲೂ ಸಣ್ಣ ಮುಳ್ಳು, ನೇರ ಹೋಗಬೇಕಾದಲ್ಲಿ ನಡುಕ. ತಿದ್ದುತ್ತ ಕೂರುವ ಬದಲು ಸ್ಕ್ಯಾನ್ ಅನ್ನು ಕೆಳಗಿಟ್ಟು ಬೆಜಿಯರ್ ಟೂಲ್‌ನಲ್ಲಿ ಕಾಂಡವನ್ನು ಹೊಸದಾಗಿಯೇ ಎಳೆದೆ. ಬಾಗು ತಿರುಗುವಲ್ಲಿ ಮಾತ್ರ ನೋಡ್, ಉಳಿದದ್ದು ಹ್ಯಾಂಡಲ್‌ಗಳ ಕೆಲಸ. ಇಂಥ ಉದ್ದ ಸರಾಗ ಗೆರೆಗಳಿಗೆ ಟ್ರೇಸಿಂಗ್‌ಗಿಂತ ಕೈಯೇ ಬೇಗ, ಇದರಲ್ಲಿ ನನಗೆ ಸಂಶಯವಿಲ್ಲ.

ಎಲೆಗಳಲ್ಲಿ ತೊಂದರೆ ನೋಡ್‌ಗಳ ಜನಸಂದಣಿಯದು. ಕಾಗದದ ತರಿತರಿಯನ್ನೂ ಟ್ರೇಸಿಂಗ್ ನಿಷ್ಠೆಯಿಂದ ದಾಖಲಿಸಿತ್ತು. ಕತ್ತರಿಸುವ ಅಥವಾ ಗೀರುವ ದಾರಿಯಲ್ಲಿ ಇಷ್ಟು ನೋಡ್ ಇದ್ದರೆ ತಲೆ ಪ್ರತಿ ತಿರುವಿನಲ್ಲೂ ವೇಗ ತಗ್ಗಿಸುತ್ತದೆ, ತಗ್ಗಿದಲ್ಲಿ ಹೆಚ್ಚು ಸುಡುತ್ತದೆ, ಅಂಚಿನುದ್ದಕ್ಕೂ ಕಪ್ಪು ಚುಕ್ಕೆ ಬೀಳುತ್ತವೆ. ಜಿಆರ್‌ಬಿಎಲ್ ಎಂಬ ನಿಯಂತ್ರಣ ತಂತ್ರಾಂಶದಿಂದ ನಡೆಯುವ ಯಂತ್ರಗಳಲ್ಲಿ ಎಂ4 ಎಂಬ ಆಜ್ಞೆ (ಸ್ಕ್ರೂ ಗಾತ್ರವಲ್ಲ) ವೇಗಕ್ಕೆ ತಕ್ಕಂತೆ ಶಕ್ತಿ ಇಳಿಸಿ ಇದನ್ನು ಒಂದಿಷ್ಟು ತಗ್ಗಿಸುತ್ತದೆ, ಆದರೂ ಮೂಲ ರೋಗ ಫೈಲಿನಲ್ಲೇ ಇದೆ. ಟ್ರೇಸ್ ಮಾಡುವಾಗಲೇ ಸ್ಪೆಕಲ್ಸ್ ಏರಿಸಿ ಧೂಳಿನ ಚುಕ್ಕೆ ತೆಗೆದೆ, ಆಮೇಲೆ ಕಂಟ್ರೋಲ್+ಎಲ್ ಒತ್ತಿ ಸಿಂಪ್ಲಿಫೈ. ಈ ಗುಂಡಿಯನ್ನು ಬೇಗಬೇಗ ಒತ್ತುತ್ತ ಹೋದರೆ ಪ್ರತಿ ಸಲವೂ ಅದರ ಹೊಡೆತ ಜೋರಾಗುತ್ತದೆ, ಎಲೆಯ ಚೂಪು ತುದಿ ಮೊಂಡಾಗುತ್ತದೆ. ಒಮ್ಮೆ ಒತ್ತಿ, ತುಸು ತಡೆದು, ನೋಡಿ, ಮತ್ತೊಮ್ಮೆ.

ಅಕ್ಷರ

ಲ್ಯಾಟಿನ್ ಅಕ್ಷರಕ್ಕೆ ಬರೆದ ಸೂಚನೆಗಳು ಇಲ್ಲಿ ಅರ್ಧಕ್ಕೇ ಕೈಬಿಡುತ್ತವೆ. ಮುಚ್ಚಳದ ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಬಳಸಿದೆ. ಟೈಪ್ ಮಾಡಿದ್ದನ್ನು ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಪಾತ್ ಮಾಡಲೇಬೇಕು. ಯಂತ್ರದ ಪಕ್ಕದ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರಾವುದೋ ಫಾಂಟ್ ಬಂದು ಕೂರುತ್ತದೆ, ಒತ್ತಕ್ಷರಗಳು ಒಡೆಯುತ್ತವೆ. ಪಾತ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಹಾಗಾಗಿ ಟೈಪ್ ಮಾಡಿದ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡೆ.

ಈಗ ಔಟ್‌ಲೈನ್‌ನಲ್ಲಿ ‘ಸ್ಕ್ರೂ’ ನೋಡಿ. ಸಕಾರ, ಅದರ ಕೆಳಗೆ ಕಕಾರದ ಒತ್ತು, ಅದಕ್ಕೆ ರಕಾರದ ಒತ್ತು, ಬದಿಯಲ್ಲಿ ದೀರ್ಘದ ಕೊಂಬು. ಫಾಂಟ್ ಇವನ್ನು ಬೇರೆ ಬೇರೆ ತುಣುಕಾಗಿ ತಂದು ಒಂದರ ಮೇಲೊಂದು ತುಸು ಏರಿಸಿಟ್ಟಿರಬಹುದು. ದಪ್ಪ, ಅಗಲ ಬದಲಿಸಬಲ್ಲ ವೇರಿಯಬಲ್ ಫಾಂಟ್ ಆದರೆ ಒಂದೇ ಅಕ್ಷರದ ಒಳಗೂ ರೇಖೆಗಳು ಒಂದನ್ನೊಂದು ದಾಟಿರುತ್ತವೆ. ಪರದೆಯಲ್ಲಿ ಎಲ್ಲ ಕಪ್ಪು, ಏನೂ ತಿಳಿಯದು. ಲೈಟ್‌ಬರ್ನ್ ತುಂಬುವಾಗಿನ ಲೆಕ್ಕ ಬೇರೆ: ಹೊರರೇಖೆ ದಾಟಿದರೆ ಕೆತ್ತು, ಇನ್ನೊಂದು ರೇಖೆ ದಾಟಿದರೆ ನಿಲ್ಲಿಸು. ಎರಡು ತುಣುಕು ಹಾಯ್ದ ಜಾಗ ಅದಕ್ಕೆ ತೂತು. ಒತ್ತಕ್ಷರ ಕೂಡುವಲ್ಲೆಲ್ಲ ಕೆತ್ತನೆಯಾಗದೆ ಉಳಿದ ಬಿಳಿ ಚೂರುಗಳು ಕಾಣಿಸುತ್ತವೆ. ಮದ್ದು ಒಂದೇ: ಗುಂಪು ಬಿಡಿಸಿ, ಎಲ್ಲವನ್ನೂ ಆಯ್ದು, ಪಾತ್ ಮೆನುವಿನ ಯೂನಿಯನ್. ತುಣುಕುಗಳು ಕರಗಿ ಒಂದೇ ಹೊರರೇಖೆಯಾಗುತ್ತದೆ. ಬರಹವನ್ನು ಗೆರೆಯಾಗಿ ಕತ್ತರಿಸುವುದಿದ್ದರೆ ಇದು ಇನ್ನೂ ಅಗತ್ಯ, ಇಲ್ಲದಿದ್ದರೆ ಒತ್ತು ಸಕಾರದಿಂದ ಕಳಚಿ ಬೀಳುತ್ತದೆ.

ಮುಂದಿನ ಹಲಗೆಯ ಎಂ3, ಎಂ4, ಎಂ5 ಪೂರ್ತಿ ಕತ್ತರಿಸುವ ಅಕ್ಷರಗಳು. ಅಲ್ಲಿ ಸಮಸ್ಯೆ ತಿರುಗುಮುರುಗು. ಅನುಸ್ವಾರ ಒಂದು ಉಂಗುರ, ಅದರ ನಡುವಿನ ಬಿಲ್ಲೆಗೆ ಹಿಡಿದುಕೊಳ್ಳಲು ಏನೂ ಇಲ್ಲ. ಕತ್ತರಿಸಿದ ಕ್ಷಣ ಕೆಳಗೆ ಬಿತ್ತು, ಉಂಗುರದ ಬದಲು ದುಂಡನೆ ತೂತು. 4ರ ಒಳಗಿನ ತ್ರಿಕೋನದ ಕಥೆಯೂ ಅದೇ. ಅದಕ್ಕೆ ಸ್ಟೆನ್ಸಿಲ್‌ನ ಹಾಗೆ ಸೇತುವೆ ಕಟ್ಟಬೇಕು: ಅಕ್ಷರದ ಮೇಲೆ 1.5 ಮಿ.ಮೀ. ಅಗಲದ ಆಯತ ಇಟ್ಟು, ಎರಡನ್ನೂ ಆಯ್ದು, ಡಿಫರೆನ್ಸ್. ಆಯತ ಇದ್ದಲ್ಲಿ ಮರ ಉಳಿಯುತ್ತದೆ. ಕತ್ತರಿಸುವಾಗ ಕರ್ಫ್ ಎರಡೂ ಬದಿಯಿಂದ ತಿಂದು 1.34 ಉಳಿಯುತ್ತದೆ. 1 ಮಿ.ಮೀ.ಗಿಂತ ಕಡಿಮೆ ಸೇತುವೆಯನ್ನು ಪ್ಲೈನಲ್ಲಿ ನಾನು ನಂಬುವುದಿಲ್ಲ, ಪದರಗಳ ನಾರು ಅಡ್ಡ ಇದ್ದರೆ ಉಗುರು ತಾಗಿದರೂ ಮುರಿಯುತ್ತದೆ. ಅನುಸ್ವಾರಕ್ಕೆ ಮೇಲೊಂದು ಕೆಳಗೊಂದು, ಎರಡು ಸೇತುವೆ. ಒಂದೇ ಆದರೆ ಬಿಲ್ಲೆ ತಿರುಚಿಕೊಳ್ಳುತ್ತದೆ. ಉಂಗುರ ಎರಡು ಕಂಸದಂತೆ ಕಾಣುವುದು ನಿಜ, ಕಣ್ಣು ಅದನ್ನು ಅನುಸ್ವಾರ ಎಂದೇ ಓದುತ್ತದೆ.

ಬಣ್ಣ ಮತ್ತು ಸರದಿ

ಬಣ್ಣ ಇಲ್ಲಿ ಅಂದಕ್ಕಲ್ಲ, ಆಜ್ಞೆಗೆ. ಲೈಟ್‌ಬರ್ನ್ ಬಣ್ಣದ ಮೇಲೆ ಲೇಯರ್ ಹಂಚುತ್ತದೆ: 00 ಕಪ್ಪು, 01 ನೀಲಿ, 02 ಕೆಂಪು, 03 ಹಸಿರು. ನನ್ನ ಸರದಿಯೂ ಅದೇ. ಕಪ್ಪು ತುಂಬಿ ಕೆತ್ತಲು, ನೀಲಿ ಕಾಂಡ ಗೀರಲು, ಕೆಂಪು ಒಳಗಿನ ತೂತು, ಅಕ್ಷರ, ಕಚ್ಚುಗಳಿಗೆ, ಹಸಿರು ಹೊರಗಿನ ರೇಖೆಗೆ. ಹೊರರೇಖೆ ಕೊನೆಗೇ ಬರಬೇಕು. ಅದು ಕತ್ತರಿಸಿದೊಡನೆ ತುಂಡು ಸಡಿಲಗೊಂಡು ಒಂದು ಕೂದಲಷ್ಟು ಜರುಗುತ್ತದೆ ಇಲ್ಲವೇ ಓರೆಯಾಗಿ ಇಳಿಯುತ್ತದೆ, ಆಮೇಲೆ ಮಾಡಿದ ಕೆತ್ತನೆ ಜಾಗ ತಪ್ಪುತ್ತದೆ. ಅಕ್ಷರಗಳಿಗೆ ಕರ್ಫ್ ತಿದ್ದುಪಡಿ ಬೇಡವಾದ್ದರಿಂದ ಅವನ್ನು ಕೆಂಪಿನಿಂದ ಬಿಡಿಸಿ ಇನ್ನೊಂದು ಬಣ್ಣ ಕೊಟ್ಟು, ಪಟ್ಟಿಯಲ್ಲಿ ಹಸಿರಿನ ಮೇಲಕ್ಕೆ ಎಳೆದಿಟ್ಟೆ.

ಪ್ರಿಂಟರ್ ಡ್ರೈವರ್ ಮೂಲಕ ನಡೆಯುವ ಯಂತ್ರಗಳಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಕತ್ತರಿಸುವ ಗೆರೆ ಹೇರ್‌ಲೈನ್ ಆಗಿರಬೇಕು, ಸಾಮಾನ್ಯವಾಗಿ 0.001 ಇಂಚು, ಬಣ್ಣ ಅಚ್ಚ ಕೆಂಪು, 255, 0, 0. ಮುದ್ರಣದ ಬಣ್ಣಲೆಕ್ಕವಾದ ಸಿಎಂವೈಕೆ ಫೈಲಿನಲ್ಲಿ ಮಾಡಿದ ಕೆಂಪು ಪರದೆಯ ಬಣ್ಣಲೆಕ್ಕವಾದ ಆರ್‌ಜಿಬಿಗೆ ಬದಲಾಗುವಾಗ 237, 28, 36 ಆಗಿಬಿಡಬಹುದು. ಕಣ್ಣಿಗೆ ಅದೂ ಕೆಂಪೇ, ಯಂತ್ರಕ್ಕೆ ಅಲ್ಲ.

ಕೆತ್ತನೆಯ ಗೆರೆಗಳ ನಡುವಿನ ಅಂತರ 0.1 ಮಿ.ಮೀ. ಇಟ್ಟೆ, ಎಂದರೆ ಇಂಚಿಗೆ 254 ಗೆರೆ. ಬರಹ 120 × 30 ಮಿ.ಮೀ. ಇದೆ. ಅಡ್ಡಕ್ಕೆ ಓಡಿಸಿದರೆ 300 ಸಾಲು, ಮೇಲಿಂದ ಕೆಳಕ್ಕೆ ಓಡಿಸಿದರೆ 1200. ಪ್ರತಿ ಸಾಲಿನ ಕೊನೆಗೂ ತಲೆ ನಿಂತು ತಿರುಗಬೇಕು, ಹೊತ್ತು ಹೋಗುವುದು ಅಲ್ಲಿ. ಎಲೆಗಳದು ಬೇರೆ ಲೆಕ್ಕ. ಅವು ಮುಚ್ಚಳದ ಎಡ ಬಲ ಅಂಚಿನಲ್ಲಿರುವುದರಿಂದ ಎಲ್ಲವನ್ನೂ ಒಟ್ಟಿಗೆ ತುಂಬಿಸಿದರೆ ತಲೆ ಪ್ರತಿ ಸಾಲಿಗೂ ಖಾಲಿ ನಡುಭಾಗವನ್ನು ದಾಟಿ ಹೋಗುತ್ತದೆ. ಒಂದೊಂದು ಬದಿಯ ಎಲೆಗಳನ್ನು ಒಂದೊಂದು ಗುಂಪು ಮಾಡಿ, ಗುಂಪುಗುಂಪಾಗಿ ತುಂಬುವ ಆಯ್ಕೆ ಒತ್ತಿದೆ. ಪ್ರಿವ್ಯೂ ತೋರಿಸುವ ಸಮಯ ಅಲ್ಲೇ ಇಳಿಯಿತು.

ಓಟ

ಕತ್ತರಿಸುವ ವೇಗ, ಶಕ್ತಿಯ ಅಂಕಿ ಬರೆಯುವುದಿಲ್ಲ, ಯಂತ್ರದಿಂದ ಯಂತ್ರಕ್ಕೆ ಅದು ಬದಲು. ಅದೇ ಹಲಗೆಯ ಮೂಲೆಯಲ್ಲಿ 10 ಮಿ.ಮೀ. ಚೌಕ ಕತ್ತರಿಸಿ, ತಾನಾಗಿ ಉದುರಿದರೆ ಸಾಕು. ವಸ್ತುವಿನ ಬಗ್ಗೆ ಒಂದೆರಡು ಮಾತು ಮಾತ್ರ. ಪಿವಿಸಿ ಯಾವ ಕಾರಣಕ್ಕೂ ಬೇಡ: ಬಿಸಿಗೆ ಅದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಶ್ವಾಸಕ್ಕೂ ಕೇಡು, ಯಂತ್ರದ ಲೋಹಕ್ಕೂ ತುಕ್ಕು. ಇದೇ ಫೈಲನ್ನು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಮಾಡುವವರಿಗೆ, 450 ನ್ಯಾನೋಮೀಟರ್‌ನ ನೀಲಿ ಡಯೋಡ್ ಬೆಳಕು ಅದರೊಳಗಿಂದ ಹಾದುಹೋಗುತ್ತದೆ, ಕತ್ತರಿಸುವುದಿಲ್ಲ. ಸಿಒ2ನ 10.6 ಮೈಕ್ರೋಮೀಟರ್ ಬೆಳಕನ್ನು ಅಕ್ರಿಲಿಕ್ ಹೀರಿಕೊಳ್ಳುತ್ತದೆ. ಬೆಳ್ಳಗಿನ ಕೆತ್ತನೆ ಬೇಕಿದ್ದರೆ ಎರಕದ ಅಕ್ರಿಲಿಕ್ಕೇ ಆಗಬೇಕು.

ಮುಚ್ಚಳದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿದೆ, ಹೊಗೆಯ ಕಲೆ ಮರಕ್ಕೆ ಹಿಡಿಯದಿರಲಿ ಎಂದು. ಫ್ರೇಮ್ ಗುಂಡಿ ಒತ್ತಿ ತಲೆ ಹಲಗೆಯೊಳಗೇ ಸುತ್ತುತ್ತದೆಯೇ ನೋಡಿ, ಹೊಗೆ ಎಳೆಯುವ ಫ್ಯಾನ್ ಹಾಕಿ, ಶುರು. ಓಟ ಮುಗಿಯುವವರೆಗೆ ಪಕ್ಕದಿಂದ ಕದಲುವಂತಿಲ್ಲ.

ಹಲ್ಲುಗಳು ಅಂಗೈ ಒತ್ತಿಗೆ ಕೂತವು, ಅಂಟು ಬೇಕಾಗಲಿಲ್ಲ. ‘ಸ್ಕ್ರೂ’ವಿನ ಒತ್ತು ಇಡಿಯಾಗಿ ಕಪ್ಪಾಗಿ ಬಂದಿದೆ. ಮೂರೂ ಅನುಸ್ವಾರಗಳ ಬಿಲ್ಲೆ ಜಾಗದಲ್ಲಿವೆ. ಅಡ್ಡಹಲಗೆ ಮಾತ್ರ ನನಗೆ ಬೇಕಾದ್ದಕ್ಕಿಂತ ಬಿಗಿ. ಹಲಗೆ ಒಂದು ಬದಿಯಲ್ಲಿ 2.95 ಇತ್ತಲ್ಲ, ಅದು 2.9ರ ಕಚ್ಚಿಗೆ ಉಜ್ಜಿಕೊಂಡೇ ಇಳಿಯಿತು. ಖಾನೆ ಬದಲಿಸಲು ಅದನ್ನು ಆಗಾಗ ತೆಗೆದು ಹಾಕಬೇಕಾದ್ದರಿಂದ ಫೈಲಿನಲ್ಲಿ ಆ ಕಚ್ಚುಗಳನ್ನು 3.05ಕ್ಕೆ ಅಗಲಿಸಿ ಉಳಿಸಿದ್ದೇನೆ, ಉಳಿದ ಅಳತೆಗಳು ಹಾಗೇ ಇವೆ.